ಕೆರೆಯ ತಳದಿಂದ ಬಂದ ಒತ್ತಡದ ಅಂಕಿಗಳನ್ನು ವಿಶ್ಲೇಷಣೆಗೆ ಅಣಿಗೊಳಿಸಿದ ಬಗೆ

ಬೇಸಿಗೆಯಲ್ಲಿ ತೂಬು ಮುಚ್ಚಿದ ಮೇಲೂ ಕೆರೆಯ ನೀರು ಇಳಿಯುತ್ತಲೇ ಇರುತ್ತದೆ ಎಂಬುದು ಮಂಡ್ಯ ತಾಲ್ಲೂಕಿನ ಒಂದು ಹಳ್ಳಿಯ ರೈತರ ಬಹುಕಾಲದ ದೂರು. ವಿಶ್ವೇಶ್ವರಯ್ಯ ನಾಲೆಯಲ್ಲಿ ಕಟ್ಟು ಪದ್ಧತಿಯಂತೆ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಸರದಿಯಲ್ಲಿ, ನೀರು ಹರಿಸಿದಾಗಲೆಲ್ಲ ಅದರ ಕವಲೊಂದರಿಂದ ಈ ಕೆರೆಗೂ ಒಂದಿಷ್ಟು ನೀರು ಬಂದು ಸೇರುತ್ತದೆ. ಕಟ್ಟು ಮುಗಿದ ಮೇಲೆ ಬರುವ ನೀರೂ ಇಲ್ಲ, ತೂಬು ಮುಚ್ಚಿದ್ದರೆ ಹೋಗುವ ನೀರೂ ಇಲ್ಲ. ಅಂಥ ದಿನಗಳಲ್ಲಿ ಇಳಿಯುವ ನೀರು ಬಿಸಿಲಿಗೆ ಆವಿಯಾಗುತ್ತಿದೆಯೋ ಅಥವಾ ಏರಿಯ ಬುಡದಲ್ಲಿ ಜಿನುಗಿ ಹೋಗುತ್ತಿದೆಯೋ ಎಂದು ತಿಳಿಯುವ ಉದ್ದೇಶದಿಂದ ನಾವು ಕೆಲವರು ಸೇರಿ ಕೆರೆಯ ತಳದಲ್ಲಿ ಒತ್ತಡವನ್ನು ಅಳೆದು ತಾನೇ ಬರೆದಿಟ್ಟುಕೊಳ್ಳುವ ಲಾಗರ್ ಎಂಬ ಉಪಕರಣವೊಂದನ್ನು ಇರಿಸಿದೆವು. ಮೇಲಿನ ನೀರು ಇಳಿದಂತೆ ತಳದ ಒತ್ತಡವೂ ಇಳಿಯುವುದರಿಂದ ಆ ಅಂಕಿಗಳಿಂದ ನೀರಿನ ಮಟ್ಟವನ್ನು ತಿಳಿಯಬಹುದು. ಮುಂಗಾರು ಹಿಡಿಯುವ ಮುನ್ನ ಅದನ್ನು ಮೇಲೆತ್ತಿ ಮೈಸೂರಿಗೆ ತಂದಾಗ, ಅದರೊಳಗಿನ ಅಂಕಿಗಳನ್ನು ವಿಶ್ಲೇಷಣೆಗೆ ಅಣಿಗೊಳಿಸುವ ಕೆಲಸವನ್ನು ನಾನು ವಹಿಸಿಕೊಂಡೆ.

ಈ ಕೆಲಸದ ಕಷ್ಟ ಎಲ್ಲಿದೆ ಎಂಬುದು ಅಳತೆಯ ಪ್ರಮಾಣವನ್ನು ನೋಡಿದರೆ ತಿಳಿಯುತ್ತದೆ. ನಮ್ಮ ಕಡೆಯ ಕಡುಬೇಸಿಗೆಯಲ್ಲಿ ತೆರೆದ ಕೆರೆಯಿಂದ ಆವಿಯಾಗುವ ನೀರು ದಿನಕ್ಕೆ ಹೆಚ್ಚುಕಡಿಮೆ ಅರ್ಧ ಸೆಂಟಿಮೀಟರಿನ ಆಸುಪಾಸಿನಲ್ಲಿರುತ್ತದೆ. ಕೃಷ್ಣರಾಜಸಾಗರದ ಮಟ್ಟವನ್ನು ದಿನವೂ ಪತ್ರಿಕೆಯಲ್ಲಿ ನೋಡುವ ಮಂಡ್ಯದವರಿಗೆ ಅಡಿಯ ಲೆಕ್ಕವೇ ರೂಢಿಯಾದ್ದರಿಂದ ಹೀಗೆ ಹೇಳಬಹುದು: ಅಡಿಯ ಹತ್ತನೇ ಒಂದು ಭಾಗವೆಂದರೆ ಮೂರು ಸೆಂಟಿಮೀಟರ್, ನಾವು ಹುಡುಕುತ್ತಿದ್ದುದು ಅದರ ಆರನೇ ಒಂದು ಪಾಲನ್ನು. ಆದರೆ ಅಂಕಿಗಳನ್ನು ಶುದ್ಧಗೊಳಿಸುವಾಗ ತೆಗೆದುಕೊಳ್ಳಬೇಕಾದ ಪ್ರತಿಯೊಂದು ನಿರ್ಧಾರವೂ, ತಪ್ಪಿದರೆ, ಆ ಅರ್ಧ ಸೆಂಟಿಮೀಟರನ್ನು ನುಂಗಿಹಾಕುವಷ್ಟು ದೊಡ್ಡದಾಗಿರುತ್ತದೆ. ಹಾಗಾಗಿ ಇದನ್ನು ವಿಶ್ಲೇಷಣೆಗೆ ಮುಂಚಿನ ಚಿಲ್ಲರೆ ಕೆಲಸವೆಂದು ನಾನು ಎಣಿಸಲಿಲ್ಲ. ಏರಿ ಸೋರುತ್ತಿದೆ ಅಥವಾ ಇಲ್ಲ ಎಂಬ ಉತ್ತರದ ಬಹುಭಾಗ ಇಲ್ಲಿಯೇ ನಿರ್ಧಾರವಾಗುತ್ತದೆ.

ಲಾಗರ್ ಹೆಬ್ಬೆರಳಿಗಿಂತ ತುಸು ದಪ್ಪನೆಯ ಉಕ್ಕಿನ ಕೊಳವೆ. ಒಂಬತ್ತು ಮೀಟರ್ ಆಳದವರೆಗೆ ಬಳಸಬಹುದಾದ ಆ ಉಪಕರಣದ ನಿಖರತೆ ಅರ್ಧ ಸೆಂಟಿಮೀಟರ್. ಹದಿನೈದು ನಿಮಿಷಕ್ಕೊಮ್ಮೆ ಒತ್ತಡವನ್ನೂ ತಾಪಮಾನವನ್ನೂ ಬರೆದುಕೊಳ್ಳುವಂತೆ ಅದನ್ನು ಹೊಂದಿಸಿದ್ದೆವು. ಅಂದರೆ ದಿನಕ್ಕೆ 96 ಸಾಲುಗಳು. ತಳದ ಹೂಳಿನಲ್ಲಿ ಆಳವಾಗಿ ನೆಟ್ಟ ಕಬ್ಬಿಣದ ಸರಳಿಗೆ ತೂತುಗಳಿರುವ ಪಿವಿಸಿ ಪೈಪನ್ನು ಬಿಗಿದು, ಅದರೊಳಗೆ ತುಕ್ಕು ಹಿಡಿಯದ ಉಕ್ಕಿನ ತಂತಿಯಿಂದ ಲಾಗರನ್ನು ತೂಗಿಬಿಟ್ಟಿದ್ದೆವು. ನೈಲಾನ್ ಹಗ್ಗ ನೀರಿನಲ್ಲಿ ನೆನೆದು ಹಿಗ್ಗುವುದರಿಂದ ಅದನ್ನು ಬಳಸಲಿಲ್ಲ. ಇಂಥದೇ ಇನ್ನೊಂದು ಲಾಗರನ್ನು ಏರಿಯ ಮೇಲಿನ ಹೊಂಗೆ ಮರದ ಒತ್ತಾದ ನೆರಳಿನಲ್ಲಿ, ಗಾಳಿಯ ಒತ್ತಡವನ್ನು ಬರೆದುಕೊಳ್ಳಲೆಂದು ಕಟ್ಟಿದ್ದೆವು. ತೂಬಿನ ಕಲ್ಲುಕಂಬದ ಮೇಲೆ ಬಣ್ಣದಲ್ಲಿ ಸೆಂಟಿಮೀಟರ್ ಗೆರೆಗಳನ್ನು ಬರೆಸಿದ್ದೆವು. ಊರಿನ ನೀರುಗಂಟಿ ಅದನ್ನು ಆಗಾಗ ನೋಡಿ, ತೂಬು ತೆರೆದ ಮತ್ತು ಮುಚ್ಚಿದ ಹೊತ್ತಿನ ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಮುಂದೆ ಈ ನೋಟ್‌ಬುಕ್ಕಿನಷ್ಟು ನನ್ನ ಕೈಹಿಡಿದದ್ದು ಮತ್ತೊಂದಿಲ್ಲ.

ಲಾಗರಿನಿಂದ ಇಳಿಸಿಕೊಂಡ ಮೂಲ ಫೈಲುಗಳನ್ನು ಮೊದಲು ಪ್ರತ್ಯೇಕ ಫೋಲ್ಡರಿನಲ್ಲಿಟ್ಟು, ಯಾರೂ ತಿದ್ದಲಾಗದಂತೆ ಓದಲು ಮಾತ್ರ ಎಂಬ ಗುರುತು ಹಾಕಿದೆ. ಮುಂದಿನ ಎಲ್ಲ ಬದಲಾವಣೆಗಳೂ ಪೈಥಾನ್ ಪ್ರೋಗ್ರಾಮಿನ ಮೂಲಕ ನಕಲಿನ ಮೇಲೆ ನಡೆದವು. ಫೈಲನ್ನು ಸ್ಪ್ರೆಡ್‌ಶೀಟಿನಲ್ಲಿ ತೆರೆದು ಕೈಯಿಂದ ಸಾಲುಗಳನ್ನು ಅಳಿಸುವ ರೂಢಿ ಅನೇಕರಲ್ಲಿದೆ. ನಾನು ಅದನ್ನು ಒಪ್ಪುವುದಿಲ್ಲ. ಅಳಿಸಿದ್ದು ಏನು, ಏಕೆ ಎಂಬುದಕ್ಕೆ ಆಮೇಲೆ ಯಾವ ಸಾಕ್ಷ್ಯವೂ ಉಳಿಯುವುದಿಲ್ಲ. ಮೇಲಾಗಿ ದಿನಾಂಕಗಳ ವಿಷಯದಲ್ಲಿ ಸ್ಪ್ರೆಡ್‌ಶೀಟ್ ಅಪಾಯಕಾರಿ. ಲಾಗರಿನ ತಂತ್ರಾಂಶ ತಿಂಗಳನ್ನು ಮೊದಲು, ದಿನವನ್ನು ನಂತರ ಬರೆಯುತ್ತದೆ. ನಮ್ಮ ಕಂಪ್ಯೂಟರುಗಳು ದಿನ ಮೊದಲು ಎಂದು ಓದುತ್ತವೆ. ಆಗ ತಿಂಗಳ ಮೊದಲ ಹನ್ನೆರಡು ದಿನಗಳು ಸದ್ದಿಲ್ಲದೆ ಅದಲುಬದಲಾಗಿ ಏಪ್ರಿಲ್ 3 ಎಂಬುದು ಮಾರ್ಚ್ 4 ಆಗುತ್ತದೆ. ಹದಿಮೂರರಿಂದ ಮುಂದಿನವು ದಿನಾಂಕವಾಗಿ ಓದಿಸಿಕೊಳ್ಳದೆ ಬರಿಯ ಅಕ್ಷರಗಳಾಗಿ ಉಳಿಯುತ್ತವೆ. ಆದ್ದರಿಂದ ಪ್ರೋಗ್ರಾಮಿಗೆ ದಿನಾಂಕದ ಸ್ವರೂಪವನ್ನು ಸ್ಪಷ್ಟವಾಗಿ ತಿಳಿಸಿ, ವರ್ಷ, ತಿಂಗಳು, ದಿನ ಎಂಬ ಕ್ರಮಕ್ಕೆ ಎಲ್ಲವನ್ನೂ ತಂದೆ. ಬಳಿಕ ಪ್ರತಿ ಎರಡು ಸಾಲುಗಳ ನಡುವಿನ ಅಂತರ ಹದಿನೈದು ನಿಮಿಷವೇ ಇದೆಯೇ ಎಂದು ಪರೀಕ್ಷಿಸಿದೆ.

ಆಮೇಲೆ ಬಂದದ್ದು ಆದಿ ಮತ್ತು ಅಂತ್ಯಗಳನ್ನು ಕತ್ತರಿಸುವ ಕೆಲಸ. ಲಾಗರ್ ನೀರಿಗಿಳಿಯುವ ಮುನ್ನ ಚೀಲದಲ್ಲಿ, ಕಾರಿನಲ್ಲಿ, ಹರಿಗೋಲಿನಲ್ಲಿ ಇದ್ದಾಗಲೂ ಬರೆಯುತ್ತಲೇ ಇರುತ್ತದೆ. ಮೇಲೆತ್ತಿದ ಮೇಲೂ ಅದನ್ನು ನಿಲ್ಲಿಸುವವರೆಗೆ ಬರೆಯುತ್ತದೆ. ಗ್ರಾಫಿನಲ್ಲಿ ನೋಡಿದರೆ ಈ ಭಾಗಗಳು ಎದ್ದು ಕಾಣುತ್ತವೆ, ಕಣ್ಣಳತೆಯಲ್ಲಿ ಕತ್ತರಿಸಿಬಿಡೋಣ ಎನ್ನಿಸುತ್ತದೆ. ಆದರೆ ಸಾಲುಗಳನ್ನು ಹತ್ತಿರದಿಂದ ನೋಡಿದಾಗ ಗಡಿ ಅಷ್ಟು ಸ್ಪಷ್ಟವಾಗಿರಲಿಲ್ಲ. ಮೊದಲ ದಿನ ಬೆಳಿಗ್ಗೆ 10:30ರ ಸಾಲಿನಲ್ಲಿ ಒತ್ತಡ 93.6 ಕಿಲೋಪ್ಯಾಸ್ಕಲ್, ತಾಪಮಾನ 35.1 ಡಿಗ್ರಿ. ಸಮುದ್ರಮಟ್ಟದಿಂದ ಸುಮಾರು 680 ಮೀಟರ್ ಎತ್ತರದಲ್ಲಿರುವ ಮಂಡ್ಯದ ಸೀಮೆಯಲ್ಲಿ ಗಾಳಿಯ ಒತ್ತಡ ಅಷ್ಟೇ ಇರುವುದರಿಂದ ಲಾಗರ್ ಆಗ ಹರಿಗೋಲಿನಲ್ಲಿ ಬಿಸಿಲಿಗೆ ಕಾಯುತ್ತಿತ್ತು ಎಂಬುದು ಖಚಿತ. 10:45ಕ್ಕೆ 107.2 ಕಿಲೋಪ್ಯಾಸ್ಕಲ್, 29.4 ಡಿಗ್ರಿ, ಅಂದರೆ ಲಾಗರ್ ನೀರಿನಲ್ಲಿದೆ, ಆದರೆ ಸುಮಾರು 1.4 ಮೀಟರ್ ಆಳದಲ್ಲಿದೆ, ನಾವಿನ್ನೂ ತಂತಿಯ ಉದ್ದವನ್ನು ಸರಿಪಡಿಸುತ್ತಿದ್ದೇವೆ. 11:00ಕ್ಕೆ 116.0 ಕಿಲೋಪ್ಯಾಸ್ಕಲ್, ಇದು 2.3 ಮೀಟರಿನ ಸರಿಯಾದ ಆಳ. ಒತ್ತಡವನ್ನಷ್ಟೇ ನೋಡುವವರು ಇಲ್ಲಿಂದಲೇ ಆರಂಭಿಸುತ್ತಾರೆ. ತಾಪಮಾನದ ಅಂಕಣ ಬೇರೆ ಮಾತು ಹೇಳುತ್ತಿತ್ತು: 11:00ಕ್ಕೆ 27.3, 11:15ಕ್ಕೆ 26.8, 11:30ಕ್ಕೆ 26.7, ಅಲ್ಲಿಂದ ಮುಂದೆ ಸ್ಥಿರ. ಬಿಸಿಲಿನಲ್ಲಿ ಕಾದ ಉಕ್ಕಿನ ಕವಚವೂ ಅದರೊಳಗಿನ ಸಂವೇದಕವೂ ನೀರಿನ ತಾಪಕ್ಕೆ ಹೊಂದಿಕೊಳ್ಳುವವರೆಗೆ ಒತ್ತಡದ ಅಂಕಿಯನ್ನು ಪೂರ್ತಿ ನಂಬುವಂತಿಲ್ಲ. ಹಾಗಾಗಿ ನಾನು ಮಧ್ಯಾಹ್ನ 12:00ರ ಸಾಲಿನಿಂದ ದಾಖಲೆಯನ್ನು ಆರಂಭಿಸಿದೆ. ಕೊನೆಯ ತುದಿಯಲ್ಲಿಯೂ ಇದೇ ಕ್ರಮ: ಹರಿಗೋಲು ಸರಳಿನ ಬಳಿಗೆ ಹೋಗಿ ಪೈಪನ್ನು ಅಲುಗಿಸಿದ ಹೊತ್ತು ನೋಟ್‌ಬುಕ್ಕಿನಲ್ಲಿತ್ತು, ಅದಕ್ಕೂ ಒಂದು ಗಂಟೆ ಮುಂಚಿನ ಸಾಲನ್ನು ಕೊನೆಯದಾಗಿಸಿದೆ. ಇಷ್ಟು ದೀರ್ಘ ದಾಖಲೆಯಲ್ಲಿ ಒಂದೆರಡು ಗಂಟೆ ಹೋದರೆ ನಷ್ಟವಿಲ್ಲ. ಕೆಟ್ಟ ಸಾಲೊಂದು ಉಳಿದರೆ ಅದು ಆರಂಭದ ಮಟ್ಟವನ್ನೇ ತಪ್ಪಿಸಿ ಇಡೀ ಇಳಿತದ ಲೆಕ್ಕವನ್ನು ವಾಲಿಸುತ್ತದೆ.

ನಡುವಿನ ಭಾಗಕ್ಕೆ ಬಂದಾಗ ಕತ್ತರಿಸುವ ಬದಲು ಗುರುತು ಹಾಕುವ ಪದ್ಧತಿಯನ್ನು ಅನುಸರಿಸಿದೆ. ಪ್ರತಿ ಸಾಲಿನ ಪಕ್ಕದಲ್ಲಿ ಒಂದು ಹೊಸ ಅಂಕಣವಿಟ್ಟು, ಸರಿಯಾದ ಸಾಲಿಗೆ 0, ಅನುಮಾನದ ಸಾಲಿಗೆ 1, ಬಳಸಬಾರದ ಸಾಲಿಗೆ 2 ಎಂದು ಬರೆದು, ಇನ್ನೊಂದು ಅಂಕಣದಲ್ಲಿ ಕಾರಣವನ್ನು ನಮೂದಿಸಿದೆ. ಗ್ರಾಫಿನಲ್ಲಿ ಎದ್ದು ಕಂಡದ್ದೆಲ್ಲ ದೋಷವಲ್ಲ, ನಯವಾಗಿ ಕಂಡದ್ದೆಲ್ಲ ಸರಿಯೂ ಅಲ್ಲ. ಒಂದು ಕಡೆ ಒಂದೇ ಹದಿನೈದು ನಿಮಿಷದಲ್ಲಿ ನೀರು ಹತ್ತು ಸೆಂಟಿಮೀಟರ್ ಕುಸಿದಂತೆ ಕಾಣುತ್ತಿತ್ತು. ಆ ಕೆರೆಯ ನೀರಿನ ಹರವು ಆಗ ಸುಮಾರು 40 ಹೆಕ್ಟೇರ್. ಹತ್ತು ಸೆಂಟಿಮೀಟರ್ ಎಂದರೆ 40,000 ಘನ ಮೀಟರ್ ನೀರು. ಅಷ್ಟು ನೀರು ಕಾಲು ಗಂಟೆಯಲ್ಲಿ ಹೊರಹೋಗಬೇಕಾದರೆ 1,500 ಕ್ಯೂಸೆಕ್‌ಗೂ ಹೆಚ್ಚಿನ ಹರಿವು ಬೇಕು. ದೊಡ್ಡ ನಾಲೆಯೊಂದರ ಮಟ್ಟದ ಆ ಹರಿವು ಹಳ್ಳಿಯ ಕೆರೆಯ ತೂಬಿನಲ್ಲಿ ಹಾಯಲು ಸಾಧ್ಯವೇ ಇಲ್ಲ. ಅದೇ ಹೊತ್ತಿನ ತಾಪಮಾನವೂ ಒಂದು ಡಿಗ್ರಿಯಷ್ಟು ಮೇಲೆದ್ದಿತ್ತು. ಅಂದರೆ ಲಾಗರ್ ತಳದ ತಂಪು ನೀರಿನಿಂದ ಮೇಲಿನ ಬೆಚ್ಚನೆಯ ನೀರಿಗೆ ಎಳೆಯಲ್ಪಟ್ಟಿತ್ತು. ಮೀನಿನ ಬಲೆ ತಂತಿಗೆ ಸಿಕ್ಕಿಕೊಂಡು ಆಮೇಲೆ ಬಿಡಿಸಿಕೊಂಡಿತ್ತೆಂದು ಊರಿನವರ ಮಾತಿನಿಂದ ತಿಳಿಯಿತು. ಆ ಸಾಲುಗಳಿಗೆಲ್ಲ 2 ಎಂದು ಬರೆದೆ. ತಾಪಮಾನದ ಅಂಕಣವನ್ನು ಹಲವರು ಉಪೇಕ್ಷಿಸುತ್ತಾರೆ; ನನ್ನ ಮಟ್ಟಿಗೆ ಅದು ಒತ್ತಡದ ಅಂಕಣದ ಪಕ್ಕದಲ್ಲೇ ನಿಂತಿರುವ ಸಾಕ್ಷಿ.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆ ಅಶ್ವಿನಿ ಮಳೆಯ ಒಂದು ಸಂಜೆಯದು. ಗುಡುಗಿನ ಮಳೆಗೆ ಮುನ್ನ ಬೀಸುವ ತಣ್ಣನೆಯ ಗಾಳಿ ಭಾರವಾಗಿರುವುದರಿಂದ ಅದು ಬಂದ ಕ್ಷಣದಲ್ಲಿ ವಾಯುಭಾರ ಒಮ್ಮೆಲೇ ಏರುತ್ತದೆ. ನೀರಿನೊಳಗಿನ ದಾಖಲೆಯಲ್ಲಿ ಆ ಸಂಜೆ ಅರ್ಧ ಗಂಟೆಯೊಳಗೆ ಎರಡು ಹೆಕ್ಟೋಪ್ಯಾಸ್ಕಲ್‌ನಷ್ಟು ಒತ್ತಡ ಜಿಗಿದಿತ್ತು (ಹತ್ತು ಹೆಕ್ಟೋಪ್ಯಾಸ್ಕಲ್ ಸೇರಿದರೆ ಒಂದು ಕಿಲೋಪ್ಯಾಸ್ಕಲ್). ಮಾಮೂಲಿ ಶೋಧಕ ಸೂತ್ರಕ್ಕೆ ಬಿಟ್ಟಿದ್ದರೆ ಅದು ಈ ಜಿಗಿತವನ್ನು ದೋಷವೆಂದು ಅಳಿಸಿಹಾಕುತ್ತಿತ್ತು. ಆದರೆ ಹೊಂಗೆ ಮರದ ಲಾಗರಿನಲ್ಲಿಯೂ ಅದೇ ಹೊತ್ತಿಗೆ ಅದೇ ಜಿಗಿತವಿತ್ತು. ಒಂದರಿಂದ ಇನ್ನೊಂದನ್ನು ಕಳೆದಾಗ ಜಿಗಿತ ಮಾಯವಾಗಿ, ಮಳೆಯಿಂದ ಕೆರೆ ನಿಜವಾಗಿ ಏರಿದ ಸಣ್ಣ ಪ್ರಮಾಣ ಮಾತ್ರ ಉಳಿಯಿತು. ಈ ಕಾರಣದಿಂದ ಗಾಳಿಯ ಒತ್ತಡವನ್ನು ಕಳೆಯುವ ಮುನ್ನ ಯಾವ ಸ್ವಯಂಚಾಲಿತ ಶೋಧಕವನ್ನೂ ನಾನು ಓಡಿಸಲಿಲ್ಲ.

ಗಾಳಿಯ ಒತ್ತಡವನ್ನು ಕಳೆಯುವುದೇ ಈ ಇಡೀ ಕೆಲಸದ ನಡುಗಂಬವಾದ್ದರಿಂದ ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇಂಥ ಲಾಗರ್ ತನ್ನ ಮೇಲಿನ ನೀರಿನ ಭಾರವನ್ನೂ ಆ ನೀರಿನ ಮೇಲೆ ಕೂತಿರುವ ಗಾಳಿಯ ಭಾರವನ್ನೂ ಸೇರಿಸಿ ಒಂದೇ ಅಂಕಿಯಾಗಿ ಕೊಡುತ್ತದೆ. ಉಷ್ಣವಲಯದಲ್ಲಿ ಗಾಳಿಯ ಒತ್ತಡಕ್ಕೆ ದಿನಕ್ಕೆ ಎರಡು ಏರಿಳಿತಗಳಿವೆ. ಸೂರ್ಯನ ಶಾಖದಿಂದ ಇಡೀ ವಾಯುಮಂಡಲದಲ್ಲಿ ಏಳುವ ಈ ಉಬ್ಬರವಿಳಿತ ಬೆಳಿಗ್ಗೆ ಹತ್ತರ ಸುಮಾರಿಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಮೇಲೇರಿ, ಸಂಜೆ ನಾಲ್ಕಕ್ಕೆ ಮತ್ತು ಬೆಳಗಿನ ಜಾವ ನಾಲ್ಕಕ್ಕೆ ತಗ್ಗುತ್ತದೆ. ಬೆಳಗಿನ ಏರಿನಿಂದ ಸಂಜೆಯ ತಗ್ಗಿನವರೆಗಿನ ವ್ಯತ್ಯಾಸ ಮೂರು ನಾಲ್ಕು ಹೆಕ್ಟೋಪ್ಯಾಸ್ಕಲ್. ಒಂದು ಹೆಕ್ಟೋಪ್ಯಾಸ್ಕಲ್ ಎಂದರೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ನೀರು. ಮೂಲ ಅಂಕಿಗಳನ್ನು ಹಾಗೆಯೇ ಗ್ರಾಫ್ ಮಾಡಿದಾಗ ಕೆರೆ ದಿನಕ್ಕೆರಡು ಬಾರಿ ಸಮುದ್ರದಂತೆ ಉಬ್ಬಿ ಇಳಿಯುವ ಹಾಗೆ ಕಾಣುವುದು ಇದರಿಂದಲೇ. ನಾಲ್ಕು ಸೆಂಟಿಮೀಟರಿನ ಈ ತೋರಿಕೆಯ ಏರಿಳಿತದ ಅಡಿಯಲ್ಲಿ ಅರ್ಧ ಸೆಂಟಿಮೀಟರಿನ ನಿಜವಾದ ಇಳಿತ ಮುಚ್ಚಿಹೋಗಿತ್ತು.

ಕಳೆಯುವುದು ಸುಲಭ, ಎರಡು ದಾಖಲೆಗಳ ಹೊತ್ತನ್ನು ಒಂದಾಗಿಸುವುದು ಸುಲಭವಲ್ಲ. ನೀರಿನ ಲಾಗರ್ ಭಾರತೀಯ ಕಾಲಮಾನದಲ್ಲಿ ಬರೆದಿತ್ತು, ಹೊಂಗೆ ಮರಕ್ಕೆ ಕಟ್ಟಿದ್ದ ದಡದ ಲಾಗರ್ ಜಾಗತಿಕ ಕಾಲಮಾನದಲ್ಲಿ. ಇವೆರಡರ ನಡುವಿನ ಅಂತರ ಐದೂವರೆ ಗಂಟೆ. ಹನ್ನೆರಡು ಗಂಟೆಗೊಮ್ಮೆ ಮರಳುವ ಅಲೆಯನ್ನು ಐದೂವರೆ ಗಂಟೆ ಸರಿಸಿ ಕಳೆದರೆ ಏರು ಇರುವಲ್ಲಿ ತಗ್ಗು ಬಂದು ಕೂರುತ್ತದೆ. ಆಗ ಅಲೆ ಅಳಿಯುವ ಬದಲು ಬಹುತೇಕ ಇಮ್ಮಡಿಯಾಗುತ್ತದೆ. ಅಂಥ ದೊಡ್ಡ ತಪ್ಪು ಕಣ್ಣಿಗೆ ರಾಚುತ್ತದೆ. ಕಣ್ಣಿಗೆ ಕಾಣದೆ ಉಳಿಯುವುದು ಅರ್ಧ ಗಂಟೆಯ ತಪ್ಪು. ಜಾಗತಿಕ ಕಾಲಮಾನದಲ್ಲಿ ಗಂಟೆಗೊಮ್ಮೆ ಬರೆದ ಅಂಕಿಗಳು ನಮ್ಮ ಗಡಿಯಾರದಲ್ಲಿ ಅರ್ಧ ಗಂಟೆಗಳ ಮೇಲೆ ಬೀಳುತ್ತವೆ. ಅದನ್ನು ಮರೆತು ಅವನ್ನು ಪೂರ್ಣ ಗಂಟೆಗಳಿಗೆ ಕೂರಿಸಿದರೆ, ಒತ್ತಡ ವೇಗವಾಗಿ ಇಳಿಯುವ ಮಧ್ಯಾಹ್ನದ ಹೊತ್ತಿನಲ್ಲಿ ಸುಮಾರು ಐದು ಮಿಲಿಮೀಟರಿನ ಸುಳ್ಳು ಹುಟ್ಟುತ್ತದೆ. ಒಂದು ದಿನದ ಆವಿಯ ಲೆಕ್ಕವೇ ಅಷ್ಟು. ಇದನ್ನು ಪರೀಕ್ಷಿಸಲು ದಡದ ದಾಖಲೆಯನ್ನು ಹದಿನೈದು ಹದಿನೈದು ನಿಮಿಷ ಹಿಂದೆ ಮುಂದೆ ಸರಿಸುತ್ತ, ಪ್ರತಿ ಬಾರಿಯೂ ಕಳೆದ ಮೇಲೆ ಉಳಿಯುವ ಏರಿಳಿತವನ್ನು ಅಳೆದೆ. ಐದೂವರೆ ಗಂಟೆ ಸೇರಿಸಿದಲ್ಲಿಯೇ ಉಳಿಕೆ ಅತ್ಯಂತ ಕಡಿಮೆಯಿತ್ತು. ಅಲ್ಲಿಂದ ಒಂದು ಹೆಜ್ಜೆ ಆಚೀಚೆ ಸರಿದರೂ ಹೆಚ್ಚಾಗುತ್ತಿತ್ತು. ನೀರಿನ ಲಾಗರಿನ ಗಡಿಯಾರ ಮೇಲೆತ್ತಿದ ದಿನ ಫೋನಿನ ಗಡಿಯಾರಕ್ಕಿಂತ ಒಂದೂವರೆ ನಿಮಿಷ ಹಿಂದಿತ್ತು. ಅದರಿಂದಾಗುವ ವ್ಯತ್ಯಾಸ ಮಿಲಿಮೀಟರಿನ ಕಾಲು ಭಾಗವನ್ನೂ ಮೀರುವುದು ಅಪರೂಪವಾದ್ದರಿಂದ ಅದನ್ನು ತಿದ್ದದೆ, ಟಿಪ್ಪಣಿಯಲ್ಲಿ ದಾಖಲಿಸಿ ಬಿಟ್ಟೆ.

ದಡದ ಲಾಗರಿನ ದಾಖಲೆಯಲ್ಲಿ ಒಂದು ಕಡೆ ಖಾಲಿ ಜಾಗವಿತ್ತು. ಅದನ್ನು ತುಂಬಲು ಮೈಸೂರಿನ ವಾಯುಭಾರ ಮಾಪಕವೊಂದರ ಅಂಕಿಗಳನ್ನು ತೆಗೆದುಕೊಂಡೆ. ಇಲ್ಲಿ ಎರಡು ಎಚ್ಚರಿಕೆಗಳು ಬೇಕು. ಹವಾಮಾನದ ವರದಿಗಳಲ್ಲಿ ಸಾಮಾನ್ಯವಾಗಿ ಸಿಗುವ ಒತ್ತಡ ಆ ಊರಿನದಲ್ಲ; ಅದು ಸಮುದ್ರಮಟ್ಟಕ್ಕೆ ಲೆಕ್ಕ ಹಾಕಿ ಹೊಂದಿಸಿದ ಒತ್ತಡ. ಮೈಸೂರಿನಲ್ಲಿ ನಿಜವಾಗಿ ಇರುವುದು 925 ಹೆಕ್ಟೋಪ್ಯಾಸ್ಕಲ್‌ನ ಆಸುಪಾಸು, ವರದಿಯಲ್ಲಿ ಕಾಣುವುದು 1010ರ ಆಸುಪಾಸು. ಆ ಅಂಕಿಯನ್ನು ನೇರವಾಗಿ ಕಳೆದರೆ ಕೆರೆ ಎಂಬತ್ತು ಸೆಂಟಿಮೀಟರಿಗೂ ಹೆಚ್ಚು ಬತ್ತಿದಂತೆ ತೋರುತ್ತದೆ. ಆದ್ದರಿಂದ ಮಾಪಕ ಇರುವ ಜಾಗದಲ್ಲಿ ಅಳೆದ ಮೂಲ ಒತ್ತಡವನ್ನೇ ಕೇಳಿ ಪಡೆದೆ. ಎರಡನೆಯದು ಎತ್ತರ. ಮೈಸೂರು ಮಂಡ್ಯಕ್ಕಿಂತ ಎಂಬತ್ತು ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ಅಲ್ಲಿನ ಒತ್ತಡ ಸುಮಾರು ಒಂಬತ್ತು ಹೆಕ್ಟೋಪ್ಯಾಸ್ಕಲ್ ಕಡಿಮೆ. ಎರಡೂ ದಾಖಲೆಗಳು ಲಭ್ಯವಿದ್ದ ದಿನಗಳಲ್ಲಿ ಅವುಗಳ ಸರಾಸರಿ ವ್ಯತ್ಯಾಸವನ್ನು ಕಂಡುಹಿಡಿದು, ಖಾಲಿ ಜಾಗದ ಅಂಕಿಗಳಿಗೆ ಅದನ್ನು ಸೇರಿಸಿದೆ. ಏರಿಳಿತದ ಆಕಾರ ಎರಡೂ ಊರುಗಳಲ್ಲಿ ಒಂದೇ ಆಗಿದ್ದುದರಿಂದ ಹೊಲಿಗೆ ಎಲ್ಲಿದೆಯೆಂದು ಕಾಣಲಿಲ್ಲ. ಆದರೂ ಆ ಸಾಲುಗಳಿಗೆಲ್ಲ 1 ಎಂಬ ಗುರುತು ಹಾಕಿದೆ.

ಉಳಿದ ಒತ್ತಡವನ್ನು ಆಳವಾಗಿ ಬದಲಿಸಲು ತಂತ್ರಾಂಶ ತಾನಾಗಿಯೇ ಬಳಸುವ ಅಂಕಿ ಮೀಟರಿಗೆ 9.807 ಕಿಲೋಪ್ಯಾಸ್ಕಲ್. ಅದು ತಣ್ಣೀರಿನ ಸಾಂದ್ರತೆಗೂ ಪ್ರಮಾಣಿತ ಗುರುತ್ವಕ್ಕೂ ಹೊಂದುತ್ತದೆ. ನಮ್ಮ ಅಕ್ಷಾಂಶದಲ್ಲಿ, ನಮ್ಮ ಎತ್ತರದಲ್ಲಿ ಗುರುತ್ವ 9.78, 25 ಡಿಗ್ರಿಯ ನೀರಿನ ಸಾಂದ್ರತೆ ಘನ ಮೀಟರಿಗೆ 997 ಕಿಲೋಗ್ರಾಂ. ಎರಡನ್ನೂ ಗುಣಿಸಿದರೆ ಮೀಟರಿಗೆ 9.75 ಕಿಲೋಪ್ಯಾಸ್ಕಲ್ ಬರುತ್ತದೆ. ಎರಡು ಕಾಲು ಮೀಟರ್ ಆಳಕ್ಕೆ ಇದರಿಂದ ಒಂದು ಸೆಂಟಿಮೀಟರಿಗೂ ಹೆಚ್ಚಿನ ವ್ಯತ್ಯಾಸವಾಗುತ್ತದೆ. ದಿನದಿನದ ಇಳಿತಕ್ಕೆ ಇದು ಅಷ್ಟು ಮುಖ್ಯವಲ್ಲ, ಆದರೆ ಕಲ್ಲುಕಂಬದ ಗೆರೆಗಳೊಂದಿಗೆ ತಾಳೆ ನೋಡುವಾಗ ಮುಖ್ಯ.

ಆ ತಾಳೆಯ ಅಗತ್ಯ ಬಿದ್ದದ್ದು ನಡುವೆ ಒಮ್ಮೆ ಅಂಕಿಗಳನ್ನು ಇಳಿಸಿಕೊಳ್ಳಲು ಲಾಗರನ್ನು ಮೇಲೆತ್ತಿ ಮತ್ತೆ ಇಳಿಬಿಟ್ಟ ಸಂದರ್ಭಕ್ಕೆ. ಮತ್ತೆ ಕಟ್ಟಿದಾಗ ತಂತಿಯ ಗಂಟು ಹಿಂದಿನ ಜಾಗದಲ್ಲಿಯೇ ಕೂರುವುದು ಅಸಾಧ್ಯ. ದಾಖಲೆಯಲ್ಲಿ ಒಂದು ಮೆಟ್ಟಿಲು ಮೂಡಿತ್ತು. ಮೆಟ್ಟಿಲಿನ ಹಿಂದಿನ ಮತ್ತು ಮುಂದಿನ ಸಾಲುಗಳನ್ನು ನೇರವಾಗಿ ಹೋಲಿಸಿ ಸರಿಪಡಿಸುವುದು ಸರಿಯಲ್ಲ, ಏಕೆಂದರೆ ಆ ಎರಡು ಸಾಲುಗಳ ನಡುವಿನ ಹೊತ್ತಿನಲ್ಲಿ ಗಾಳಿಯೂ ಬದಲಾಗಿರುತ್ತದೆ, ನೀರೂ ತುಸು ಇಳಿದಿರುತ್ತದೆ. ಆದ್ದರಿಂದ ಗಾಳಿಯನ್ನು ಕಳೆದು ಆಳವನ್ನು ಕಂಡುಕೊಂಡ ನಂತರವೇ, ಮೆಟ್ಟಿಲಿನ ಎರಡೂ ಬದಿಯ ತುಂಡುಗಳಿಗೆ ನೀರುಗಂಟಿಯವರು ಬರೆದಿದ್ದ ಗೆರೆಯ ಅಂಕಿಗಳೊಂದಿಗಿನ ಸರಾಸರಿ ವ್ಯತ್ಯಾಸವನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕಿ, ಎರಡನ್ನೂ ಕಲ್ಲುಕಂಬದ ಮಟ್ಟಕ್ಕೆ ತಂದೆ. ಅವರು ಗೆರೆ ಓದಿದ್ದು ಅಲೆಯಿಲ್ಲದ ಮುಂಜಾನೆಯ ಹೊತ್ತಿನಲ್ಲಿ. ಒಂದೊಂದು ಅಂಕಿಯ ಪಕ್ಕದಲ್ಲಿ ನೀರು ನಿಶ್ಚಲವಾಗಿತ್ತೋ ತುಯ್ಯುತ್ತಿತ್ತೋ ಎಂದೂ ಬರೆದಿದ್ದರು. ಹಾಗೆ ಬರೆದಿಟ್ಟದ್ದರಿಂದಲೇ ತುಯ್ಯುತ್ತಿದ್ದ ದಿನಗಳ ಅಂಕಿಗಳನ್ನು ಬಿಟ್ಟು ಲೆಕ್ಕ ಹಾಕಲು ಸಾಧ್ಯವಾಯಿತು.

ಗಾಳಿಗೆ ಏಳುವ ಸಣ್ಣ ಅಲೆಗಳು ತಳದ ದಾಖಲೆಯನ್ನು ಕೆಡಿಸುತ್ತವೆಯೇ ಎಂಬ ಪ್ರಶ್ನೆ ತಂಡದಲ್ಲಿ ಬಂತು. ಒಂದು ಸೆಕೆಂಡಿಗೊಮ್ಮೆ ಬರುವ ಅಲೆಯ ಉದ್ದ ಸುಮಾರು ಒಂದೂವರೆ ಮೀಟರ್. ಅದರ ಅರ್ಧದಷ್ಟು ಆಳದಲ್ಲಿಯೇ ಅಲೆಯ ಒತ್ತಡ ಮೇಲ್ಮೈಯಲ್ಲಿರುವುದರ ನೂರಕ್ಕೆ ನಾಲ್ಕರಷ್ಟಕ್ಕೆ ಇಳಿದಿರುತ್ತದೆ. ಎರಡು ಮೀಟರಿನ ಕೆಳಗಿದ್ದ ನಮ್ಮ ಲಾಗರಿಗೆ ಅದು ತಟ್ಟುವುದೇ ಇಲ್ಲ.

ಖಾಲಿ ಬಿದ್ದ ಸಾಲುಗಳಲ್ಲಿ ಒಂದು ಗಂಟೆಗಿಂತ ಕಡಿಮೆ ಅವಧಿಯವನ್ನು ಮಾತ್ರ ಅಕ್ಕಪಕ್ಕದ ಅಂಕಿಗಳಿಂದ ನೇರಗೆರೆಯಲ್ಲಿ ತುಂಬಿದೆ. ಅದಕ್ಕಿಂತ ಉದ್ದದವನ್ನು ಖಾಲಿಯಾಗಿಯೇ ಬಿಟ್ಟೆ. ಗ್ರಾಫ್ ಅಂದವಾಗಿ ಕಾಣಲೆಂದು ನುಣುಪುಗೊಳಿಸುವ ಸೂತ್ರವನ್ನು ಬಳಸೋಣವೆಂಬ ಸಲಹೆಯನ್ನು ನಾನು ಒಪ್ಪಲಿಲ್ಲ, ಏಕೆಂದರೆ ತೂಬು ತೆರೆದ ಕ್ಷಣದ ತಿರುವು ನುಣುಪಿನಲ್ಲಿ ಕರಗಿಹೋಗಿ, ತೆರೆದ ದಿನ ಯಾವುದು ಮುಚ್ಚಿದ ದಿನ ಯಾವುದು ಎಂಬ ಗಡಿಯೇ ಮಸುಕಾಗುತ್ತದೆ. ಅದರ ಬದಲು ದಿನದ 96 ಅಂಕಿಗಳ ಸರಾಸರಿಯನ್ನು ಬೇರೆ ಅಂಕಣವಾಗಿ ಕೊಟ್ಟೆ. ಉಪಕರಣದ ಗೊತ್ತುಗುರಿಯಿಲ್ಲದ ಸಣ್ಣ ಏರುಪೇರು ಸರಾಸರಿಯಲ್ಲಿ ತಗ್ಗುತ್ತದೆ, ಮೂಲ ಸಾಲುಗಳೂ ಹಾಗೆಯೇ ಉಳಿಯುತ್ತವೆ.

ಕೊನೆಗೆ ಸಿದ್ಧವಾದ ಫೈಲಿನಲ್ಲಿ ಭಾರತೀಯ ಕಾಲಮಾನ, ಮೂಲ ಒತ್ತಡ, ಗಾಳಿಯ ಒತ್ತಡ, ಅದು ದಡದ್ದೋ ಮೈಸೂರಿನದೋ ಎಂಬ ಗುರುತು, ನೀರಿನ ತಾಪಮಾನ, ಕಲ್ಲುಕಂಬಕ್ಕೆ ಹೊಂದಿಸಿದ ಮಟ್ಟ, ಗುಣದ ಗುರುತು, ಅದರ ಕಾರಣ, ಮತ್ತು ನೋಟ್‌ಬುಕ್ಕಿನಿಂದ ತೆಗೆದುಕೊಂಡ ತೂಬಿನ ಸ್ಥಿತಿ ಎಂಬ ಅಂಕಣಗಳಿದ್ದವು. ಕಟ್ಟು ನೀರು ಬರುತ್ತಿದ್ದ ದಿನಗಳು, ತೂಬು ತೆರೆದಿದ್ದ ದಿನಗಳು ಮತ್ತು ಮಳೆ ಬಿದ್ದ ದಿನಗಳನ್ನು ಬದಿಗಿಟ್ಟಾಗ, ಕೆರೆ ಸುಮ್ಮನಿದ್ದು ಇಳಿದ ಕೆಲವು ತುಂಡುಗಳು ಉಳಿದವು. ಮೂಲ ದಾಖಲೆಯಲ್ಲಿ ಅಲೆಅಲೆಯಾಗಿದ್ದ ಆ ತುಂಡುಗಳು ಈಗ ಹಗಲಿನಲ್ಲಿ ತುಸು ಕಡಿದಾಗಿ, ರಾತ್ರಿಯಲ್ಲಿ ತುಸು ಓರೆಯಾಗಿ ಇಳಿಯುವ ಗೆರೆಗಳಾಗಿದ್ದವು. ರಾತ್ರಿಯ ಇಳಿತವನ್ನೆಲ್ಲ ಸೋರಿಕೆಯ ಲೆಕ್ಕಕ್ಕೆ ಹಾಕುವಂತಿಲ್ಲವೆಂದು ತಂಡದವರಿಗೆ ಬರೆದು ತಿಳಿಸಿದೆ: ಹಗಲಿನಲ್ಲಿ ಕಾದ ಕೆರೆ ರಾತ್ರಿಯೂ ಆ ಶಾಖವನ್ನು ಬಿಡುತ್ತ ಆವಿಯಾಗುತ್ತಿರುತ್ತದೆ. ಆವಿಯನ್ನು ಬೇರೆಯಾಗಿ ಅಳೆಯುವ ತಟ್ಟೆಯ ಅಂಕಿಗಳನ್ನು ಇದರ ಪಕ್ಕದಲ್ಲಿಟ್ಟು ಕಳೆದ ಮೇಲೆ ಉಳಿಯುವುದನ್ನಷ್ಟೇ ಏರಿಯ ಕಡೆಗೆ ತಿರುಗಿಸಬಹುದು. ಆ ತಟ್ಟೆಯ ಅಂಕಿಗಳು ಕೈಸೇರಿದ ದಿನವೇ, ಗುರುತು 0 ಇರುವ ಸಾಲುಗಳನ್ನು ಮಾತ್ರ ಆರಿಸಿಕೊಂಡು ವಿಶ್ಲೇಷಣೆಯನ್ನು ಆರಂಭಿಸಿದೆವು.